‘ಬೊರೊ ಯಾದೊ’ ಎಂಬುದನ್ನು ಕನ್ನಡದಲ್ಲಿ ಹೇಗೆ ಹೇಳುವುದು? ಜಪಾನಿನ ಹಳೆಯ ವಸತಿಗಳ ಧಾರಾವಾಹಿಯೊಂದರ ಬಗ್ಗೆ

ಪ್ರಶ್ನೆ: ದಾರಿಬುತ್ತಿ

ಎಲ್ಲರಿಗೂ ನಮಸ್ಕಾರ.

ನಾನು ಬೆಂಗಳೂರಿನಲ್ಲಿ ಮೂರು ವರ್ಷಗಳಿಂದ ಸಂಜೆಯ ತರಗತಿಗೆ ಹೋಗಿ ಜಪಾನೀ ಭಾಷೆಯನ್ನು ಕಲಿಯುತ್ತಿದ್ದೇನೆ. ಕಿವಿ ಪಳಗಲಿ ಎಂಬ ಕಾರಣಕ್ಕೆ ‘ನಿಹೊನ್ ಬೊರೊಯಾದೊ ಕಿಕೋ’ ಎಂಬ ಧಾರಾವಾಹಿಯನ್ನು ನೋಡಲು ತೊಡಗಿದೆ. ಟಿವಿ ಟೋಕಿಯೊ ವಾಹಿನಿಯು 2019ರ ಆರಂಭದಲ್ಲಿ ಶುಕ್ರವಾರದ ನಡುರಾತ್ರಿ ಕಳೆದ ಮೇಲೆ ಪ್ರಸಾರ ಮಾಡುತ್ತಿದ್ದ ಧಾರಾವಾಹಿ ಇದು. ತಂದೆ ತೀರಿಕೊಂಡ ಮೇಲೆ ಅವರ ಪುಟ್ಟ ಕಲಾವಿದರ ಸಂಸ್ಥೆಯ ಹೊಣೆ ಹರುಕೊ ಎಂಬ ಯುವತಿಯ ಹೆಗಲಿಗೆ ಬೀಳುತ್ತದೆ. ಸಂಸ್ಥೆಯಲ್ಲಿ ಉಳಿದಿರುವವನು ಒಂದೇ ಒಂದು ಹಾಡಿನಿಂದ ಹೆಸರು ಮಾಡಿ ಆಮೇಲೆ ಮರೆತುಹೋದ ರ್ಯೂಜಿ ಎಂಬ ಗಾಯಕ ಮಾತ್ರ. ಮಾರಾಟವಾಗದೆ ಉಳಿದ ಸಿ.ಡಿ.ಗಳನ್ನು ಹೊತ್ತುಕೊಂಡು ಇಬ್ಬರೂ ಊರೂರು ಅಲೆಯುತ್ತಾರೆ, ರಾತ್ರಿಯಾದಾಗ ಆ ಊರಿನ ಅತ್ಯಂತ ಹಳೆಯ, ಅತ್ಯಂತ ಅಗ್ಗದ ವಸತಿಯೊಂದರಲ್ಲಿ ತಂಗುತ್ತಾರೆ. ಕಥೆ ಇಷ್ಟೇ. ಹರುಕೊ ಪಾತ್ರವನ್ನು ಮಾಯ್ ಫುಕಗಾವಾ, ಗಾಯಕನ ಪಾತ್ರವನ್ನು ಕಜುಯಾ ತಕಾಹಾಶಿ ಮಾಡಿದ್ದಾರೆ.

ಮನೆಯಲ್ಲಿ ನನ್ನ ತಾಯಿಯವರೂ ಜೊತೆಗೆ ಕುಳಿತು ನೋಡುತ್ತಾರೆ. ಅವರಿಗೆ ಜಪಾನೀ ಭಾಷೆಯೂ ಇಂಗ್ಲಿಷಿನ ಅಡಿಬರಹವೂ ಆಗದ ಕಾರಣ ನಾನು ಒಂದೊಂದು ಮಾತನ್ನೂ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಾ ಹೋಗುತ್ತೇನೆ. ಹೀಗೆ ಹೇಳುವಾಗ ಮೊದಲ ಕಂತಿನಲ್ಲೇ ಸಿಕ್ಕಿಹಾಕಿಕೊಂಡೆ. ‘ಬೊರೊ ಯಾದೊ’ ಎಂಬ ಮಾತಿಗೆ ‘ಮುರುಕಲು ಛತ್ರ’ ಎಂದು ಹೇಳಿಬಿಟ್ಟೆ. ಆದರೆ ಹರುಕೊ ಆ ಸೋರುವ ಮಾಡನ್ನೂ ಕಿರುಗುಟ್ಟುವ ಮೆಟ್ಟಿಲನ್ನೂ ಕಂಡು ಹಬ್ಬದ ಮನೆಗೆ ಬಂದವಳಂತೆ ಹಿಗ್ಗುತ್ತಾಳೆ. ಅಮ್ಮ ನನ್ನ ಕೈ ಹಿಡಿದು, “ಮುರುಕಲು ಛತ್ರ ಅಂತೀಯಾ, ಮತ್ತೆ ಆ ಹುಡುಗಿ ಯಾಕೆ ತವರಿಗೆ ಬಂದ ಹಾಗೆ ನಗ್ತಾಳೆ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಆದ್ದರಿಂದ ಬಲ್ಲವರನ್ನು ಕೇಳುತ್ತಿದ್ದೇನೆ. ಈ ಮಾತಿನಲ್ಲಿರುವ ತಿರಸ್ಕಾರ ಎಷ್ಟು, ಪ್ರೀತಿ ಎಷ್ಟು? ಧಾರಾವಾಹಿಯಲ್ಲಿ ಕಾಣುವ ವಸತಿಗಳು ನಿಜವಾಗಿಯೂ ಇವೆಯೇ, ಅವುಗಳಲ್ಲಿ ಮೊದಲು ಯಾರು ತಂಗುತ್ತಿದ್ದರು? ಇದೇ ಬಗೆಯ ಬೇರೆ ಧಾರಾವಾಹಿಗಳಿದ್ದರೆ ಅವನ್ನೂ ದಯವಿಟ್ಟು ತಿಳಿಸಿ.

ಉತ್ತರ: ನಗೋಯಾವಾಸಿ

ದಾರಿಬುತ್ತಿಯವರೇ, ತಮ್ಮ ತಾಯಿಯವರು ಕೇಳಿದ ಪ್ರಶ್ನೆಯಲ್ಲೇ ಇಡೀ ಧಾರಾವಾಹಿಯ ತಿರುಳಿದೆ. ನಾನು ಒಂಬತ್ತು ವರ್ಷಗಳಿಂದ ನಗೋಯಾದಲ್ಲಿದ್ದೇನೆ. ರಜೆ ಸಿಕ್ಕಾಗಲೆಲ್ಲ ಇಂಥ ವಸತಿಗಳನ್ನು ಹುಡುಕಿಕೊಂಡು ಹೋಗುವುದು ನನ್ನ ರೂಢಿ, ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಧಾರಾವಾಹಿಯ ವಸತಿಗಳು ನಿಜವಾದವು. ಕಥೆ ಕಲ್ಪಿತವಾದರೂ ಪಾತ್ರಗಳು ಹೋಗಿ ತಂಗುವ ಮನೆಗಳು ತಮ್ಮ ನಿಜ ಹೆಸರಿನಲ್ಲೇ ಬರುತ್ತವೆ. ಟಿವಿ ಟೋಕಿಯೊ ವಾಹಿನಿಗೆ ಇದು ಹೊಸದೇನಲ್ಲ. ಒಬ್ಬ ವ್ಯಾಪಾರಿ ಕೆಲಸದ ಮೇಲೆ ಹೋದ ಕಡೆಯಲ್ಲೆಲ್ಲ ಒಬ್ಬನೇ ಕುಳಿತು ಉಣ್ಣುವ ‘ಕೊದೊಕು ನೊ ಗುರುಮೆ’ ಧಾರಾವಾಹಿಯನ್ನು ಅದೇ ವಾಹಿನಿ 2012ರಲ್ಲಿ ಆರಂಭಿಸಿತು, ಅಲ್ಲಿಯೂ ಊಟದ ಅಂಗಡಿಗಳು ನಿಜವಾದವೇ. ದೊಡ್ಡ ತಾರೆಯರನ್ನೂ ದೊಡ್ಡ ಸೆಟ್ಟುಗಳನ್ನೂ ನೆಚ್ಚದೆ, ಇರುವ ಜಾಗಕ್ಕೆ ಕ್ಯಾಮೆರಾ ಒಯ್ದು ಅಲ್ಲಿನ ಗಾಳಿಯನ್ನೇ ಕಥೆಯಾಗಿಸುವ ಈ ನಡುರಾತ್ರಿಯ ಧಾರಾವಾಹಿಗಳನ್ನು ನಾನು ಬಹಳ ಗೌರವಿಸುತ್ತೇನೆ. ಗಾಯಕನ ಪಾತ್ರಕ್ಕೆ ಕಜುಯಾ ತಕಾಹಾಶಿಯವರನ್ನು ಆರಿಸಿದ್ದರಲ್ಲಿಯೂ ಅದೇ ಬಗೆಯ ನಿಜವಿದೆ. ಅವರು 1988ರಲ್ಲಿ ಮೊದಲ ಹಾಡನ್ನು ಹೊರತಂದ ‘ಒತೊಕೊಗುಮಿ’ ಎಂಬ ಜನಪ್ರಿಯ ರಾಕ್ ತಂಡದ ಸದಸ್ಯರಾಗಿದ್ದವರು. ತುಂಬಿದ ಸಭಾಂಗಣಗಳ ಮುಂದೆ ಹಾಡಿದ ಮನುಷ್ಯನೇ ಹತ್ತಾರು ಮುದುಕರ ಎದುರು ನಿಂತು ಹಾಡುವುದನ್ನು ಕಂಡಾಗ ಅದು ಬರಿಯ ನಟನೆ ಎಂದು ನನಗನ್ನಿಸಲಿಲ್ಲ.

ಇನ್ನು ಮಾತಿನ ವಿಷಯ. ‘ಯಾದೊ’ ಎಂದರೆ ತಂಗುವ ಮನೆ. ‘ಬೊರೊ’ ಎಂದರೆ ಹರಕು, ಚಿಂದಿ, ಬಳಸಿ ಬಳಸಿ ನವೆದದ್ದು. ಒಬ್ಬರ ಕಾರನ್ನೋ ಮನೆಯನ್ನೋ ನಾವು ಎದುರಿಗೇ ‘ಬೊರೊ’ ಎಂದರೆ ಅದು ನಿಂದೆಯೇ ಆಗುತ್ತದೆ. ಆದರೆ ತಾವು ಆರಂಭದ ನಿರೂಪಣೆಯನ್ನು ಇನ್ನೊಮ್ಮೆ ಕೇಳಿ. ಇತಿಹಾಸದಲ್ಲಿ ಬೆಲೆಯುಳ್ಳ ಹಳೆಯ ವಸತಿಯಿಂದ ಹಿಡಿದು ತೀರಾ ಅಗ್ಗದ ವಸತಿಯವರೆಗೆ ಎಲ್ಲವನ್ನೂ ಸೇರಿಸಿ, ಪ್ರೀತಿಯಿಂದಲೇ ತಾನು ಈ ಹೆಸರಿನಿಂದ ಕರೆಯುತ್ತೇನೆ ಎಂಬ ಅರ್ಥದ ಮಾತನ್ನು ಹರುಕೊ ಅಲ್ಲಿ ಹೇಳುತ್ತಾಳೆ. ತೀರಾ ಅಗ್ಗದ ವಸತಿಯನ್ನೂ ಆಕೆ ಹೊರಗಿಡುವುದಿಲ್ಲ ಎಂಬುದೇ ನನಗೆ ಮುಖ್ಯವಾಗಿ ಕಾಣುತ್ತದೆ. ರಾಜಮಹಾರಾಜರು ತಂಗಿದ ಮನೆಯನ್ನು ಪ್ರೀತಿಸಲು ಕಾರಣ ಬೇಕಾಗಿಲ್ಲ. ಯಾರೂ ಮುಖ್ಯರಲ್ಲದವರು ತಂಗಿಹೋದ ಮನೆಯನ್ನು ಪ್ರೀತಿಸುವವಳು ಈ ಹುಡುಗಿ.

‘ಬೊರೊ’ ಎಂಬ ಮಾತಿಗೆ ಇನ್ನೊಂದು ಅರ್ಥವೂ ಇದೆ, ಅದು ತಮ್ಮ ತಾಯಿಯವರಿಗೆ ಬೇಗ ಹತ್ತಿರವಾದೀತು. ಉತ್ತರದ ಅಓಮೊರಿ ಪ್ರಾಂತ್ಯದ ಚಳಿಗೆ ಹತ್ತಿ ಬೆಳೆಯುವುದಿಲ್ಲ. ಅಲ್ಲಿನ ರೈತರು ನಾರಿನ ಬಟ್ಟೆ ತೊಡುತ್ತಿದ್ದರು. ಹಡಗಿನಲ್ಲಿ ಬರುತ್ತಿದ್ದ ಹಳೆಯ ಹತ್ತಿ ಬಟ್ಟೆಯ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಹೊಲಿದು, ಹರಿದಲ್ಲಿ ಮತ್ತೆ ತೇಪೆ ಹಾಕಿ, ತಾಯಿಯಿಂದ ಮಗಳಿಗೆ ದಾಟಿಸುತ್ತಾ ಹೊದೆಯುತ್ತಿದ್ದರು. ಆ ಹೊದಿಕೆ ಮತ್ತು ಉಡುಪುಗಳ ಹೆಸರೂ ‘ಬೊರೊ’ ಎಂದೇ. ಈಗ ಅವು ವಸ್ತುಸಂಗ್ರಹಾಲಯಗಳಲ್ಲಿ ಇವೆ. ನಮ್ಮಲ್ಲಿ ಇದಕ್ಕೆ ನೇರವಾದ ಹೆಸರೇ ಇದೆಯಲ್ಲ: ಕೌದಿ. ಹಳೆಯ ಸೀರೆ, ಪಂಚೆಗಳ ತುಂಡುಗಳಿಂದ ಹೊಲಿದ ಕೌದಿಯನ್ನು ನಾವು ಹರಕು ಬಟ್ಟೆ ಎಂದು ಕರೆಯುವುದಿಲ್ಲ. ಅದರಲ್ಲಿರುವುದೆಲ್ಲ ಹರಕು ಬಟ್ಟೆಯೇ ಆದರೂ.

ಕಳೆದ ನವೆಂಬರಿನಲ್ಲಿ ಕಿಸೊ ಕಣಿವೆಯ ಒಂದು ವಸತಿಯಲ್ಲಿ ಉಳಿದಿದ್ದೆ. ಜಾರುಬಾಗಿಲನ್ನು ಸರಿಸಿ ಕೂಗಿದಾಗ ಒಳಗಿನಿಂದ ಸಣ್ಣ ಉತ್ತರ ಬಂದು, ಸ್ವಲ್ಪ ಹೊತ್ತಿನ ಮೇಲೆ ಎಂಬತ್ತರ ಆಸುಪಾಸಿನ ಒಡತಿ ನಿಧಾನವಾಗಿ ಬಂದು ಮಂಡಿಯೂರಿ ನಮಸ್ಕರಿಸಿದರು. ಇಲ್ಲಿ ಒಡತಿಯನ್ನು ‘ಒಕಾಮಿ’ ಎನ್ನುತ್ತಾರೆ. ನಾನು ಬಿಟ್ಟ ಬೂಟುಗಳು ಮರುಕ್ಷಣ ನೋಡುವಷ್ಟರಲ್ಲಿ ಹೊರಮುಖವಾಗಿ ತಿರುಗಿದ್ದವು. ನಡುಮನೆಯ ಹಾದಿಯ ಹಲಗೆಗಳು ಅಂಚಿನಲ್ಲಿ ಮಂಕಾಗಿ, ಜನ ನಡೆಯುವ ನಡುಭಾಗದಲ್ಲಿ ಕಪ್ಪಗೆ ಕನ್ನಡಿಯಂತೆ ಮಿನುಗುತ್ತಿದ್ದವು. ಕೋಣೆಗೆ ಬೀಗವಿರಲಿಲ್ಲ. ಪಕ್ಕದ ಕೋಣೆಗೂ ನನ್ನದಕ್ಕೂ ನಡುವೆ ಇದ್ದದ್ದು ಕಾಗದ ಅಂಟಿಸಿದ ಜಾರುತಟ್ಟೆ ಮಾತ್ರ, ಅಲ್ಲಿಯವರ ಕೆಮ್ಮು ನನ್ನದೇ ಕೋಣೆಯಲ್ಲಿ ಕೇಳಿದಂತಿತ್ತು. ಕಿಟಕಿಗೆ ಹಾಕಿದ್ದ ಹಳೆಯ ಗಾಜು ಒಂದೇ ಸಮನಾಗಿರದ ಕಾರಣ, ನಾನು ತಲೆ ಅಲ್ಲಾಡಿಸಿದಾಗಲೆಲ್ಲ ಹೊರಗಿನ ಪರ್ಸಿಮನ್ ಮರವು ನೀರಿನೊಳಗೆ ನಿಂತಿರುವಂತೆ ಅಲುಗುತ್ತಿತ್ತು. ಸೀಮೆಎಣ್ಣೆಯ ಒಲೆ, ಅದರ ಮೇಲೊಂದು ಕೆಟಲು.

ಕಿಟಕಿಯ ಒಳಬದಿಯಲ್ಲಿ ಬಿಳಿ ಕಾಗದ ಅಂಟಿಸಿದ ‘ಶೋಜಿ’ ಎಂಬ ಜಾರುತಟ್ಟೆಯಿತ್ತು. ಅದರ ಒಂದು ಚೌಕದಲ್ಲಿ ಕಾಗದ ಹರಿದಿತ್ತು, ಬಹುಶಃ ಯಾವುದೋ ಮಗುವಿನ ಬೆರಳು ತಾಗಿರಬೇಕು. ಆ ತೂತಿಗೆ ಚೌಕಾಕಾರದ ತೇಪೆಯ ಬದಲು ಐದೆಸಳಿನ ಹೂವಿನಂತೆ ಕತ್ತರಿಸಿದ ಕಾಗದವನ್ನು ಅಂಟಿಸಿದ್ದರು. ಇದು ಜಪಾನಿನ ಹಳೆಯ ಮನೆಗಳಲ್ಲೆಲ್ಲ ಇರುವ ಪದ್ಧತಿಯೇ. ಆದರೆ ಬೆಳಿಗ್ಗೆ ಬಿಸಿಲು ಬಿದ್ದಾಗ ತೇಪೆ ಹಾಕಿದಲ್ಲಿ ಮಾತ್ರ ಕಾಗದ ಎರಡು ಪದರವಾಗಿದ್ದ ಕಾರಣ ಹೂವು ಸ್ವಲ್ಪ ಕಪ್ಪಾಗಿ ಮೂಡಿತು. ಹಾಸಿಗೆಯಲ್ಲಿ ಮಲಗಿಕೊಂಡೇ ಅದನ್ನು ಬಹಳ ಹೊತ್ತು ನೋಡಿದೆ. ತಮ್ಮ ತಾಯಿಯವರಿಗೆ ಆ ಹೂವಿನ ವಿಷಯ ಹೇಳಿ. ಹರುಕೊ ಏಕೆ ನಗುತ್ತಾಳೆ ಎಂಬುದಕ್ಕೆ ನನ್ನ ಉತ್ತರ ಅದೇ.

ಉತ್ತರ: ಚರಿತ್ರೆಯ ವಿದ್ಯಾರ್ಥಿ

ನಗೋಯಾವಾಸಿಯವರ ಮಾತನ್ನು ಒಪ್ಪುತ್ತೇನೆ. ಆದರೆ ದಾರಿಬುತ್ತಿಯವರು ಬಳಸಿದ ‘ಛತ್ರ’ ಎಂಬ ಪದದ ಬಗ್ಗೆ ನನ್ನದೊಂದು ತಕರಾರಿದೆ. ನಮ್ಮ ಛತ್ರ ಧರ್ಮದ ಕೆಲಸ. ಅರಸರೋ ಶ್ರೀಮಂತ ವರ್ತಕರೋ ಪುಣ್ಯಕ್ಕಾಗಿ ಕಟ್ಟಿಸಿ, ದಾರಿಹೋಕರಿಗೆ ನೆರಳನ್ನೂ ಎಷ್ಟೋ ಕಡೆ ಅನ್ನವನ್ನೂ ಬೆಲೆಯಿಲ್ಲದೆ ಕೊಟ್ಟ ಜಾಗ ಅದು. ಜಪಾನಿನ ಯಾದೊ ಮೊದಲಿನಿಂದಲೂ ಒಂದು ಕುಟುಂಬದ ಜೀವನೋಪಾಯ. ಅದು ಹೇಗೆ ಬೆಳೆಯಿತೆಂಬುದನ್ನು ಸ್ವಲ್ಪ ನೋಡಿದರೆ ಧಾರಾವಾಹಿಯ ವಸತಿಗಳಲ್ಲಿ ಮೊದಲು ಯಾರು ತಂಗುತ್ತಿದ್ದರು ಎಂಬ ಪ್ರಶ್ನೆಗೂ ಉತ್ತರ ಸಿಗುತ್ತದೆ.

ಎದೊ ಕಾಲದಲ್ಲಿ, ಅಂದರೆ 17ನೆಯ ಶತಮಾನದಿಂದ 19ನೆಯ ಶತಮಾನದ ನಡುಭಾಗದವರೆಗೆ, ಇಂದಿನ ಟೋಕಿಯೊ ಆಗಿರುವ ಎದೊ ನಗರದಿಂದ ಐದು ಹೆದ್ದಾರಿಗಳು ಹೊರಡುತ್ತಿದ್ದವು. ಕರಾವಳಿಯ ತೊಕಾಯ್ದೋ ದಾರಿಯಲ್ಲಿ 53 ತಂಗುದಾಣದ ಊರುಗಳಿದ್ದವು, ಬೆಟ್ಟಗಳ ನಡುವಿನ ನಕಸೆಂದೋ ದಾರಿಯಲ್ಲಿ 69. ಪ್ರಾಂತೀಯ ಪಾಳೆಯಗಾರರು ಒಂದು ವರ್ಷ ತಮ್ಮ ನಾಡಿನಲ್ಲಿ, ಇನ್ನೊಂದು ವರ್ಷ ಎದೊದಲ್ಲಿ ವಾಸವಿರಬೇಕೆಂಬ ನಿಯಮವನ್ನು 1635ರಲ್ಲಿ ಶೋಗನ್ ಎಂಬ ಸೇನಾಧಿಪತಿಯ ಆಡಳಿತ ವಿಧಿಸಿದ ಮೇಲೆ, ನೂರಾರು ಆಳುಗಳ ಮೆರವಣಿಗೆಗಳು ಈ ದಾರಿಗಳಲ್ಲಿ ವರ್ಷವಿಡೀ ಸಾಗುತ್ತಿದ್ದವು. ಪಾಳೆಯಗಾರ ತಂಗುತ್ತಿದ್ದ ಮನೆಯ ಹೆಸರು ‘ಹೋಂಜಿನ್’. ಸಾಮಾನ್ಯ ಪಯಣಿಗರಿಗೆ ಊಟ ಸಮೇತ ಕೋಣೆ ಕೊಡುತ್ತಿದ್ದ ಮನೆ ‘ಹತಾಗೊ’. ಅದಕ್ಕೂ ಕೈ ಎಟುಕದವರಿಗೆ ‘ಕಿಚಿನ್ ಯಾದೊ’ ಇತ್ತು. ಅಲ್ಲಿ ಅಕ್ಕಿ ಪಯಣಿಗನದೇ. ಮನೆಯವರಿಗೆ ಕೊಡಬೇಕಾದದ್ದು ಉರಿಸಿದ ಸೌದೆಯ ಬೆಲೆ ಮಾತ್ರ. ಪ್ರಶ್ನೆ ಕೇಳಿದವರು ತಮ್ಮನ್ನು ‘ದಾರಿಬುತ್ತಿ’ ಎಂದು ಕರೆದುಕೊಂಡಿರುವುದು ನನಗೆ ಬಹಳ ಹಿಡಿಸಿತು, ಏಕೆಂದರೆ ‘ಹತಾಗೊ’ ಎಂಬ ಮಾತಿನ ಮೂಲ ಅರ್ಥ ಕುದುರೆಯ ಮೇವನ್ನೂ ಆಮೇಲೆ ಪಯಣಿಗನ ಆಹಾರವನ್ನೂ ಒಯ್ಯುತ್ತಿದ್ದ ಬುಟ್ಟಿ. ಬುತ್ತಿಯ ಬುಟ್ಟಿಯ ಹೆಸರೇ ತಂಗುವ ಮನೆಗೆ ಬಂದಿದೆ.

ಹತಾಗೊದ ಪದ್ಧತಿ ಇಂದಿಗೂ ಉಳಿದಿದೆ. ಜಪಾನಿನ ಹಳೆಯ ವಸತಿಗಳಲ್ಲಿ ಬಾಡಿಗೆಯನ್ನು ಕೋಣೆಗೆ ಹೇಳದೆ ತಲೆಗೆ ಇಷ್ಟೆಂದು ಹೇಳುತ್ತಾರೆ. ಒಂದು ರಾತ್ರಿ, ಎರಡು ಊಟ ಎಂಬುದು ಅದರ ಲೆಕ್ಕ. ಇನ್ನೊಂದು ಕವಲು ಬಿಸಿನೀರಿನ ಬುಗ್ಗೆಗಳದು. ಸುಗ್ಗಿ ಮುಗಿದ ಮೇಲೆ ರೈತರು ಅಕ್ಕಿಯನ್ನೂ ಮಿಸೊ ಎಂಬ ಹುದುಗಿಸಿದ ಸೋಯಾ ಹಿಟ್ಟನ್ನೂ ಹೊತ್ತು ಬುಗ್ಗೆಯ ಊರಿಗೆ ಹೋಗಿ, ಏಳು ದಿನವನ್ನು ಒಂದು ಸುತ್ತೆಂದು ಎಣಿಸಿ, ತಾವೇ ಅಡುಗೆ ಮಾಡಿಕೊಂಡು, ದಿನಕ್ಕೆ ಹಲವು ಬಾರಿ ಮಿಂದು ಮೈಕೈ ನೋವು ಕಳೆದುಕೊಳ್ಳುತ್ತಿದ್ದರು. ಇದು ‘ತೋಜಿ’. ಧಾರಾವಾಹಿಯಂಥ ಕಥೆಗಳಲ್ಲಿ ಬುಗ್ಗೆಯ ಊರಿನ ಹಳೆಯ ಮನೆಯ ಹಜಾರದಲ್ಲಿ ನಾಣ್ಯ ಹಾಕಿ ಉರಿಸುವ ಗ್ಯಾಸ್ ಒಲೆಗಳ ಸಾಲು ಕಂಡರೆ, ಅದು ಈ ರೈತರ ಅಡುಗೆಮನೆ ಎಂದು ತಿಳಿಯಬೇಕು.

ಹಳೆಯದೆಲ್ಲವೂ ಹಿತವಾಗಿತ್ತೆಂದು ಮಾತ್ರ ನಾವು ಭಾವಿಸಬಾರದು. ಎಷ್ಟೋ ಹತಾಗೊಗಳಲ್ಲಿ ಊಟ ಬಡಿಸುವ ಹೆಣ್ಣುಮಕ್ಕಳನ್ನು ಮೈಮಾರಿಕೆಗೂ ಇಟ್ಟುಕೊಂಡಿದ್ದರು. ಒಂದು ಹತಾಗೊಗೆ ಇಬ್ಬರಿಗಿಂತ ಹೆಚ್ಚು ಇರಕೂಡದೆಂದು 1718ರಲ್ಲಿ ಆಡಳಿತವೇ ಮಿತಿ ಹಾಕಬೇಕಾಯಿತು. ಅವರಲ್ಲಿ ಬಹುಪಾಲು ಬಡ ಮನೆಗಳಿಂದ ಸಾಲಕ್ಕೆ ಈಡಾಗಿ ಬಂದವರು. ಹಳೆಯ ಹಲಗೆಗಳ ಹೊಳಪನ್ನು ಮೆಚ್ಚುವಾಗ ಅದರ ಮೇಲೆ ಓಡಾಡಿದ ಈ ಹೆಣ್ಣುಮಕ್ಕಳನ್ನು ನಾನು ಮರೆಯಲಾರೆ.

ರೈಲು ಬಂದ ಮೇಲೆ ಹೆದ್ದಾರಿಯ ಊರುಗಳು ಸೊರಗಿದವು. ಕಿಸೊ ಕಣಿವೆಯ ತ್ಸುಮಾಗೊ ಊರನ್ನು ರೈಲುದಾರಿ ಬಳಸಿಕೊಂಡು ಹೋದದ್ದರಿಂದ ಅದು ಬಡವಾಯಿತು, ಬಡವಾದದ್ದರಿಂದಲೇ ಹೊಸ ಕಟ್ಟಡಗಳೇಳದೆ ಹಳೆಯ ಬೀದಿ ಉಳಿಯಿತು. 1968ರಲ್ಲಿ ಅಲ್ಲಿನ ಮನೆಗಳ ದುರಸ್ತಿ ಆರಂಭವಾಯಿತು. ‘ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ’ ಎಂಬ ಮೂರು ಮಾತುಗಳನ್ನು ಊರಿನವರೇ ಕಟ್ಟಳೆಯಾಗಿ ಒಪ್ಪಿಕೊಂಡರು. 1976ರಲ್ಲಿ ಸರ್ಕಾರ ಅದನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಇಂದು ತ್ಸುಮಾಗೊದ ಮುಖ್ಯ ಬೀದಿಯಲ್ಲಿ ವಿದ್ಯುತ್ ತಂತಿಗಳು ಕಣ್ಣಿಗೆ ಬೀಳುವುದಿಲ್ಲ, ಹಗಲಿನಲ್ಲಿ ವಾಹನಗಳಿಗೆ ಪ್ರವೇಶವಿಲ್ಲ. ಅಷ್ಟು ಅಚ್ಚುಕಟ್ಟಾದ ಊರನ್ನು ಹರುಕೊ ‘ಬೊರೊ’ ಎಂದು ಕರೆಯುತ್ತಾಳೋ ಇಲ್ಲವೋ ಎಂಬುದು ಯೋಚಿಸಬೇಕಾದ ವಿಷಯ.

ಉತ್ತರ: ಹಳೆಯ ಪ್ರೇಕ್ಷಕಿ

ಮಗಳೇ ದಾರಿಬುತ್ತಿ, ಬೇರೆ ಧಾರಾವಾಹಿಗಳ ಬಗ್ಗೆ ಕೇಳಿದ್ದೀಯಲ್ಲ, ಅದಕ್ಕೆ ನಾನು ಉತ್ತರಿಸುತ್ತೇನೆ. ನಮ್ಮ ಯಜಮಾನರ ಕೆಲಸದ ನಿಮಿತ್ತ 1983ರಲ್ಲಿ ಒಸಾಕಾಕ್ಕೆ ಬಂದಾಗ ನನಗೆ ಒಂದಕ್ಷರ ಜಪಾನೀ ಬರುತ್ತಿರಲಿಲ್ಲ. ನನಗೆ ಭಾಷೆ ಕಲಿಸಿದ್ದು ಟಿ.ವಿ.ಯೇ, ಅದರಲ್ಲೂ ಬೆಳಿಗ್ಗೆ ಹದಿನೈದು ನಿಮಿಷ ಬರುತ್ತಿದ್ದ, ಜಪಾನಿನ ಸಾರ್ವಜನಿಕ ವಾಹಿನಿಯಾದ ಎನ್‌ಎಚ್‌ಕೆಯ ‘ಒಶಿನ್’ ಧಾರಾವಾಹಿ.

‘ಒಶಿನ್’ ವಸತಿಗಳ ಧಾರಾವಾಹಿಯಲ್ಲ, ಆದರೂ ಅದನ್ನು ಬಿಟ್ಟು ಈ ಮಾತನ್ನು ಮುಂದುವರಿಸಲಾಗದು. ಸುಗಾಕೊ ಹಶಿದಾ ಅವರು ಬರೆದ ಆ ಧಾರಾವಾಹಿ 1983ರ ಏಪ್ರಿಲ್‌ನಿಂದ ಒಂದು ವರ್ಷ, 297 ಕಂತುಗಳಲ್ಲಿ ಬಂತು. ಒಮ್ಮೆ ಅದರ ವೀಕ್ಷಕರ ಪ್ರಮಾಣ 62.9 ಶೇಕಡಾ ಮುಟ್ಟಿತ್ತು. ಬಡತನ ತಾಳಲಾರದೆ ಒಶಿನ್‌ಳ ತಾಯಿ ದುಡಿಯಲು ಹೋಗುವುದು ಯಾಮಾಗಾತಾ ಪ್ರಾಂತ್ಯದ ಗಿಂಜಾನ್ ಎಂಬ ಬುಗ್ಗೆಯ ಊರಿಗೆ. ಹಿಮದಲ್ಲಿ ಮುಳುಗಿದ, ಹೊಳೆಯ ಎರಡೂ ದಡಕ್ಕೆ ಮೂರು ನಾಲ್ಕು ಅಂತಸ್ತಿನ ಮರದ ಮನೆಗಳಿರುವ ಆ ಊರು ದೇಶಕ್ಕೆಲ್ಲ ಪರಿಚಯವಾದದ್ದು ಈ ಧಾರಾವಾಹಿಯಿಂದ. ಇಂದು ಜನ ಅಲ್ಲಿಗೆ ದೀಪದ ಬೆಳಕಿನಲ್ಲಿ ಹಿಮ ನೋಡಲು ಹೋಗುತ್ತಾರೆ. ನನಗೆ ಮಾತ್ರ ಆ ಊರಿನ ಚಿತ್ರ ಕಂಡಾಗಲೆಲ್ಲ ಮಗಳನ್ನು ಬಿಟ್ಟು ದುಡಿಯಲು ಬಂದ ತಾಯಿಯೇ ಕಣ್ಣಿಗೆ ಬರುತ್ತಾಳೆ.

ವಸತಿಯನ್ನೇ ನಡುವಿಟ್ಟುಕೊಂಡ ಧಾರಾವಾಹಿಗಳಲ್ಲಿ ಹಿರಿಯದು ‘ಹೊಸೊಉದೆ ಹಂಜೋಕಿ’. ಅದು 1970ರಲ್ಲಿ ಆರಂಭವಾಯಿತು. ನಾನು ಮೂಲ ಪ್ರಸಾರದಲ್ಲಿ ನೋಡಲಿಲ್ಲ, ಆದರೆ ನಮ್ಮ ಬೀದಿಯ ಹೆಂಗಸರು ಹದಿನೈದು ವರ್ಷಗಳ ಮೇಲೂ ಅದರ ಮಾತುಗಳನ್ನು ಬಾಯಿಪಾಠ ಹೇಳುತ್ತಿದ್ದರು. ಒಸಾಕಾದ ಕಾಯೊ ಎಂಬ ಹೆಣ್ಣುಮಗಳು ಇಜು ಪರ್ಯಾಯದ್ವೀಪದ ಅತಾಗಾವಾ ಎಂಬ ಬುಗ್ಗೆಯ ಊರಿನ ವಸತಿಯ ಮನೆಗೆ ಸೊಸೆಯಾಗಿ ಹೋಗಿ, ನಾದಿನಿಯ ಕಾಟವನ್ನು ಸಹಿಸಿಕೊಂಡು ವ್ಯಾಪಾರವನ್ನು ಎತ್ತಿ ನಿಲ್ಲಿಸುವ ಕಥೆ. ದಪ್ಪ ಕನ್ನಡಕದ ಆ ನಾದಿನಿ, ನಿನಗೆ ಹಾಕಲು ನನ್ನಲ್ಲಿ ಕೂಳಿಲ್ಲ ಎಂದು ಆಡುನುಡಿಯಲ್ಲಿ ಗದರುವ ರೀತಿಯನ್ನು ನೆರೆಯಾಕೆ ಅಭಿನಯಿಸಿ ತೋರಿಸಿದಾಗ, ಇದು ನಮ್ಮ ಊರಿನ ಮನೆಯ ಕಥೆಯೇ ಎಂದು ನನಗೆ ಅನ್ನಿಸಿತ್ತು.

2007ರ ‘ದೊಂದೊ ಹಾರೆ’ಯನ್ನು ನೀನು ತಾಯಿಯವರ ಜೊತೆ ಖಂಡಿತ ನೋಡು. ಯೊಕೊಹಾಮಾದ ಕೇಕಿನ ಅಂಗಡಿಯ ಹುಡುಗಿ, ಇವಾತೆ ಪ್ರಾಂತ್ಯದ ಮೊರಿಯೊಕಾ ನಗರದ ಹಳೆಯ ವಸತಿಯ ಒಕಾಮಿಯಾಗಲು ಪಣ ತೊಟ್ಟು ನೆಲ ಒರೆಸುವುದರಿಂದ ಕಲಿಯತೊಡಗುತ್ತಾಳೆ. 2010ರಲ್ಲಿ ಆರಂಭವಾಗಿ ನಾಲ್ಕು ಸರಣಿಗಳಲ್ಲಿ ಬಂದ ‘ಹನಾಯೊಮೆ ನೊರೆನ್’ ಕನಜಾವಾ ನಗರದ ವಸತಿಯೊಂದರ ಅತ್ತೆ ಸೊಸೆಯರ ಕಥೆ. ಆ ಸೀಮೆಯಲ್ಲಿ ಮದುಮಗಳು ತವರಿನಿಂದ ಬಣ್ಣದ ಪರದೆಯೊಂದನ್ನು ತಂದು ಗಂಡನ ಮನೆಯ ದೇವರ ಕೋಣೆಯ ಬಾಗಿಲಿಗೆ ಕಟ್ಟಿ, ಅದನ್ನು ಸರಿಸಿ ಒಳಹೋಗುವ ಶಾಸ್ತ್ರವಿದೆ. ನಾವು ಹೊಸ್ತಿಲ ಮೇಲಿನ ಸೇರನ್ನು ಒದ್ದು ಒಳಬರುವಂತೆಯೇ ಅದು. ಧಾರಾವಾಹಿಯ ಹೆಸರು ಆ ಪರದೆಯದೇ. ಅದೇ ಹೆಸರಿನ ಪ್ರವಾಸಿ ರೈಲೊಂದು 2015ರಲ್ಲಿ ಕನಜಾವಾದಿಂದ ವಾಕುರಾ ಎಂಬ ಬುಗ್ಗೆಯ ಊರಿಗೆ ಓಡತೊಡಗಿತು. 2024ರ ಜನವರಿ 1ರ ನೊತೊ ಭೂಕಂಪದಲ್ಲಿ ವಾಕುರಾದ ವಸತಿಗಳಿಗೆ ಭಾರಿ ಪೆಟ್ಟು ಬಿದ್ದು ಬಾಗಿಲು ಮುಚ್ಚಿದವು. ಆ ಸಂಜೆ ಟಿ.ವಿ.ಯ ಮುಂದೆ ಕುಳಿತು ನಾನು ಅತ್ತಿದ್ದೇನೆ. ನಾವು ನಮ್ಮ ಮಗಳ ಮದುವೆಯ ಮೊದಲು ಕುಟುಂಬ ಸಮೇತ ಕಡೆಯದಾಗಿ ತಂಗಿದ ಊರು ಅದು.

ಒಂದು ವ್ಯತ್ಯಾಸವನ್ನು ಗಮನಿಸು. ನಾನು ಹೇಳಿದ ಧಾರಾವಾಹಿಗಳೆಲ್ಲ ವಸತಿಯನ್ನು ಒಳಗಿನಿಂದ, ದುಡಿಯುವ ಹೆಂಗಸಿನ ಕಣ್ಣಿನಿಂದ ನೋಡುತ್ತವೆ. ನೀನು ನೋಡುತ್ತಿರುವುದು ಅತಿಥಿಯ ಕಣ್ಣಿನದು. ಆ ದಾರಿಯಲ್ಲಿ ಮೊದಲು ನಡೆದವನು ತೋರಾ. ಊರೂರು ಅಲೆದು ಜಾತ್ರೆಗಳಲ್ಲಿ ಸಾಮಾನು ಮಾರುತ್ತಾ ಅಗ್ಗದ ವಸತಿಗಳಲ್ಲಿ ತಂಗುವ ತೋರಾನ ಸಿನಿಮಾಗಳನ್ನು ಎಲ್ಲರೂ ಬಲ್ಲರು, ಆದರೆ ಅವನು ಮೊದಲು ಬಂದದ್ದು 1968ರ ಟಿ.ವಿ. ಧಾರಾವಾಹಿಯಲ್ಲಿ. ಕಡೆಯ ಕಂತಿನಲ್ಲಿ ಅವನು ಹಾವು ಕಚ್ಚಿ ಸತ್ತಾಗ ಪ್ರೇಕ್ಷಕರು ವಾಹಿನಿಯ ಮೇಲೆ ಮುಗಿಬಿದ್ದರು. ಅದಕ್ಕಾಗಿಯೇ ನಿರ್ದೇಶಕ ಯೋಜಿ ಯಮಾದಾ ಅವನನ್ನು 1969ರಲ್ಲಿ ತೆರೆಯ ಮೇಲೆ ಬದುಕಿಸಿದರು. ಮಾರಾಟವಾಗದ ಸಿ.ಡಿ. ಹೊತ್ತ ನಿನ್ನ ರ್ಯೂಜಿಯನ್ನು ನಾನು ತೋರಾನ ವಂಶದವನೆಂದೇ ತಿಳಿಯುತ್ತೇನೆ.

ಮರುಉತ್ತರ: ದಾರಿಬುತ್ತಿ

ಮೂವರಿಗೂ ಮನಸಾರೆ ವಂದನೆಗಳು. ನಿನ್ನೆ ರಾತ್ರಿ ಎಲ್ಲ ಉತ್ತರಗಳನ್ನೂ ಅಮ್ಮನಿಗೆ ಓದಿ ಹೇಳಿದೆ. ಒಸಾಕಾದ ಅಮ್ಮನವರ ಮಾತಿಗೆ ಅವರ ಕಣ್ಣು ತುಂಬಿಬಂತು. ಶೋಜಿಯ ಹೂವಿನ ತೇಪೆಯ ಭಾಗವನ್ನು ಎರಡು ಸಲ ಓದಿಸಿಕೊಂಡರು.

ಪದದ ವಿಷಯದಲ್ಲಿ ಚರಿತ್ರೆಯ ವಿದ್ಯಾರ್ಥಿಗಳ ತಕರಾರು ಸರಿಯಾದದ್ದೇ, ‘ಛತ್ರ’ವನ್ನು ಕೈಬಿಟ್ಟೆ. ‘ಲಾಡ್ಜು’ ಎಂದರೆ ಬಸ್ ನಿಲ್ದಾಣದ ಎದುರಿನ ಕಟ್ಟಡ ಕಣ್ಮುಂದೆ ಬರುತ್ತದೆ. ‘ಜೀರ್ಣ’ ಎಂಬುದು ದೇವಸ್ಥಾನಕ್ಕೆ ಒಪ್ಪುತ್ತದೆ, ಮನೆಗೆ ದೂರವಾಗುತ್ತದೆ. ಕಡೆಗೆ ‘ಬಿಡದಿ’ ಎಂಬ ಪದ ನೆನಪಾಯಿತು. ಮದುವೆಗೆ ಬಂದ ಬೀಗರಿಗೆ ಇಳಿದುಕೊಳ್ಳಲು ಬಿಟ್ಟುಕೊಡುವ ಮನೆಯಾದ್ದರಿಂದ ಅದರಲ್ಲಿ ತಂಗುವಿಕೆಯೂ ಇದೆ, ಉಪಚಾರವೂ ಇದೆ. ‘ಬೊರೊ’ಗೆ ನಾನು ‘ನವೆದ’ ಎನ್ನಲೇ ‘ಸವೆದ’ ಎನ್ನಲೇ ಎಂದು ಯೋಚಿಸುತ್ತಿದ್ದಾಗ ಅಮ್ಮನೇ, “ಬಾಳಿದ ಮನೆ ಅಂತೀವಲ್ಲ, ಹಾಗೆ ‘ಬಾಳಿದ ಬಿಡದಿ’ ಅನ್ನು” ಎಂದರು. ಬಯಲುಸೀಮೆಯ ನಮ್ಮ ಕಡೆ ‘ಬಾಳಿದ ಮನೆ’ ಎಂದರೆ ಬಹಳ ಜನ ಹುಟ್ಟಿ, ಉಂಡು, ದುಡಿದು ಹೋದ, ಈಗ ಸ್ವಲ್ಪ ಇಳಿದಿರುವ ಮನೆ. ಅದನ್ನು ಹೇಳುವಾಗ ಯಾರ ದನಿಯಲ್ಲಿಯೂ ಕೀಳುಭಾವ ಇರುವುದಿಲ್ಲ. ಇನ್ನು ಮುಂದೆ ನಮ್ಮ ಮನೆಯಲ್ಲಿ ಹರುಕೊ ತಂಗುವುದು ಬಾಳಿದ ಬಿಡದಿಯಲ್ಲಿಯೇ.

ಇನ್ನೊಂದು ಕೇಳಬೇಕಾಗಿದೆ. ಬರುವ ಏಪ್ರಿಲ್‌ನಲ್ಲಿ ಅಮ್ಮನನ್ನು ಒಮ್ಮೆ ಅಲ್ಲಿಗೆ ಕರೆತರುವ ಆಸೆ ಹುಟ್ಟಿದೆ. ಅವರಿಗೆ ಅರವತ್ತೆಂಟು ವರ್ಷ, ಮಂಡಿ ನೋವಿದೆ, ನೆಲದ ಮೇಲೆ ಕೂರಲಾಗುವುದಿಲ್ಲ, ಮೀನು ಮಾಂಸ ತಿನ್ನುವುದಿಲ್ಲ. ಇಂಥವರಿಗೆ ಆ ಮನೆಗಳಲ್ಲಿ ಒಂದು ರಾತ್ರಿ ಕಳೆಯುವುದು ಸಾಧ್ಯವೇ?

ಉತ್ತರ: ನಗೋಯಾವಾಸಿ

ಖಂಡಿತ ಸಾಧ್ಯ, ಮತ್ತು ತಡಮಾಡಬೇಡಿ. 1980ರ ಸುಮಾರಿಗೆ ಜಪಾನಿನಲ್ಲಿ 80,000ಕ್ಕೂ ಹೆಚ್ಚು ರ್ಯೊಕಾನ್‌ಗಳು, ಅಂದರೆ ಜಪಾನೀ ಪದ್ಧತಿಯ ವಸತಿಗಳು, ಇದ್ದವು, 2017ರ ಹೊತ್ತಿಗೆ ಅವು 40,000ಕ್ಕಿಂತ ಕೆಳಗಿಳಿದಿದ್ದವು. ಮಕ್ಕಳು ಪಟ್ಟಣ ಸೇರಿದ್ದಾರೆ, ಹಳೆಯ ಮರದ ಕಟ್ಟಡವನ್ನು ಬೆಂಕಿ ಮತ್ತು ಭೂಕಂಪದ ನಿಯಮಗಳಿಗೆ ಹೊಂದಿಸುವ ಖರ್ಚನ್ನು ಎಂಬತ್ತರ ಒಕಾಮಿಯೊಬ್ಬರು ಹೊರಲಾರರು. ನಾನು ಮೆಚ್ಚಿಕೊಂಡಿದ್ದ ಎರಡು ವಸತಿಗಳು ಮುಂದಿನ ಬಾರಿ ಹೋಗುವಷ್ಟರಲ್ಲಿ ಮುಚ್ಚಿದ್ದವು.

ನಗೋಯಾದಿಂದ ನಾಗಿಸೊ ನಿಲ್ದಾಣಕ್ಕೆ ‘ಶಿನಾನೊ’ ಎಂಬ ವೇಗದ ರೈಲಿನಲ್ಲಿ ಸುಮಾರು ಒಂದು ಗಂಟೆ, ಅಲ್ಲಿಂದ ತ್ಸುಮಾಗೊಗೆ ಬಸ್ಸಿದೆ. ಪಕ್ಕದ ತಂಗುದಾಣದ ಊರಾದ ಮಾಗೊಮೆಯಿಂದ ತ್ಸುಮಾಗೊವರೆಗಿನ ಹಳೆಯ ಹೆದ್ದಾರಿ ಸುಮಾರು 8 ಕಿ.ಮೀ. ಬೆಟ್ಟದ ದಾರಿಯಾದ್ದರಿಂದ ತಾಯಿಯವರನ್ನು ಪೂರ್ತಿ ನಡೆಸಬೇಡಿ, ಊರಿನ ಬೀದಿಯಷ್ಟೇ ಸಾಕು. ಊಟದ ವಿಷಯವನ್ನು ಕೋಣೆ ಕಾಯ್ದಿರಿಸುವಾಗಲೇ ಬಿಡಿಸಿ ಹೇಳಿ. ಮೀನಿನ ತುಂಡಿಲ್ಲದ ಸಾರಿನಲ್ಲಿಯೂ ಒಣಮೀನಿನ ಕಟ್ಟು ಇರುತ್ತದೆ, ಅದನ್ನು ಇಲ್ಲಿಯವರು ಮಾಂಸಾಹಾರವೆಂದು ಎಣಿಸುವುದಿಲ್ಲ. ಕಡಲಕಳೆಯ ಅಥವಾ ಅಣಬೆಯ ಕಟ್ಟನ್ನು ಮಾತ್ರ ಬಳಸಿ ಎಂದು ಕೇಳಿಕೊಂಡರೆ ಬಹಳಷ್ಟು ಮನೆಗಳಲ್ಲಿ ಮಾಡಿಕೊಡುತ್ತಾರೆ, ಆಗದಿದ್ದರೆ ಆಗದೆಂದು ಹೇಳುತ್ತಾರೆ. ಸ್ನಾನದ ತೊಟ್ಟಿಗೆ ಇಳಿಯುವ ಮೊದಲು ಹೊರಗೆ ಕುಳಿತು ಮೈ ತೊಳೆದುಕೊಳ್ಳಬೇಕು, ಮಿಂದ ಮೇಲೆ ತೊಟ್ಟಿಯ ನೀರನ್ನು ಬಿಡಬಾರದು, ಅದೇ ನೀರು ಮುಂದಿನವರಿಗೂ ಬೇಕು. ಬುಗ್ಗೆಯ ಊರಾದರೆ ಬಿಲ್ಲಿನಲ್ಲಿ ತಲೆಗೆ ಸಾಮಾನ್ಯವಾಗಿ 150 ಯೆನ್ ಸ್ನಾನದ ತೆರಿಗೆ ಸೇರಿರುತ್ತದೆ.

ಕೂರುವ ವಿಷಯಕ್ಕೆ ಹಳೆಯ ಕೋಣೆಗಳಲ್ಲೇ ಒಂದು ಅನುಕೂಲವಿದೆ. ಎಷ್ಟೋ ರ್ಯೊಕಾನ್‌ಗಳ ಕೋಣೆಯಲ್ಲಿ ತತಾಮಿ ಚಾಪೆ ಮುಗಿದ ಕಡೆ, ಕಿಟಕಿಗೆ ತಾಗಿದಂತೆ ಅಗಲವಾದ ಹಲಗೆಯ ಜಗಲಿಯೊಂದಿರುತ್ತದೆ. ಅದನ್ನು ‘ಹಿರೊಎನ್’ ಎನ್ನುತ್ತಾರೆ. ಅಲ್ಲಿ ಎದುರುಬದುರಾಗಿ ಎರಡು ಕುರ್ಚಿ, ನಡುವೆ ಪುಟ್ಟ ಮೇಜು ಇಟ್ಟಿರುತ್ತಾರೆ. ‘ಹಿರೊಎನ್ ಇರುವ ಕೋಣೆ ಬೇಕು, ಹಾಸಿಗೆಯನ್ನು ಎರಡು ಪದರ ಹಾಸಿಕೊಡಿ, ಸಾಧ್ಯವಾದರೆ ಕೆಳಗಿನ ಅಂತಸ್ತಿನಲ್ಲಿ’ ಎಂದು ಮೊದಲೇ ಫೋನಿನಲ್ಲಿ ಹೇಳಿ. ಮಾತು ಕಷ್ಟವಾದರೆ ದಿನಾಂಕ ತಿಳಿಸಿ, ತಮ್ಮ ಪರವಾಗಿ ನಾನೇ ಕರೆ ಮಾಡುತ್ತೇನೆ.